ಸತ್ತವರು ಮಾತಾಡಬಾರದು

ಟೀಮು ಮುಚ್ಚಿಹೋದ ಸುದ್ದಿ ಅಕ್ಕನಿಗೆ ಮೊದಲು ತಿಳಿದದ್ದು ಯಜಮಾನರ ಬಾಯಿಂದಲ್ಲ, ಕುರ್ಚಿ ಹೊರುವವರ ಬಾಯಿಂದ. ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಇಬ್ಬರು ಬಂದು, "ಐದು ಕುರ್ಚಿ, ಐದು ಮೇಜು, ಎಲ್ಲಿದಾವೆ?" ಎಂದು ಕೇಳಿದರು. ಅಕ್ಕ ಕೂತಿದ್ದದ್ದೇ ಆ ಐದರಲ್ಲಿ ಒಂದರ ಮೇಲೆ. ಎದ್ದು ಜಾಗ ಬಿಡಬೇಕೋ ಇನ್ನಷ್ಟು ಗಟ್ಟಿಯಾಗಿ ಕೂರಬೇಕೋ ತಿಳಿಯದೆ, "ನೀವು ತಪ್ಪು ಮನೆಗೆ ಬಂದಿದೀರಿ" ಎಂದಳು. ಅವರಲ್ಲಿ ದಪ್ಪಗಿದ್ದವನು ಚೀಟಿ ತೆಗೆದು ತೋರಿಸಿದ. ಮನೆ ಸರಿಯಾಗಿಯೇ ಇತ್ತು.

ಹನ್ನೊಂದಕ್ಕೆ ಯಜಮಾನರ ಕಾರ್ಯದರ್ಶಿ ಬಂದಳು. ಯಜಮಾನರು ಬರಲಿಲ್ಲ, ಇಂಥ ದಿನ ಯಜಮಾನರು ಖುದ್ದಾಗಿ ಬಂದ ಉದಾಹರಣೆ ಲೋಕದಲ್ಲೇ ಇಲ್ಲ. ಅವರದು ಹಾಸಿಗೆ ತಯಾರಿಸುವ ಕಂಪನಿ. ಮೂರು ವರ್ಷದ ಹಿಂದೆ ತಮ್ಮ ಹಾಸಿಗೆಯ ಚಿತ್ರವನ್ನು ಟೀಮಿನ ಐವರ ಎದೆಗೆ ಅಂಟಿಸಿ, ವಾಸಕ್ಕೆ, ಅಭ್ಯಾಸಕ್ಕೆ ಎಂದು ಈ ಮನೆ ಹಿಡಿದುಕೊಟ್ಟು, "ನೀವು ನನ್ನ ಮಕ್ಕಳಿದ್ದ ಹಾಗೆ" ಎಂದಿದ್ದರು. ಜಗತ್ತಿಗೆಲ್ಲ ಹಾಸಿಗೆ ಮಾರುವ ಮನುಷ್ಯನಿಗೆ ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕೆಂಬುದು ಮಾತ್ರ ಹೊಳೆದಿರಲಿಲ್ಲ. ಎರಡನೆಯ ಕಾರ್ಖಾನೆ, ಮೂರನೆಯ ಕಾರ್ಖಾನೆ ಎಂದು ಚಾಚಿದ್ದೇ ಚಾಚಿದ್ದು. ಕಷ್ಟ ಬಂದಾಗ ಮೊದಲು ಕತ್ತರಿಸಿದ್ದು ಮಕ್ಕಳಿದ್ದ ಹಾಗೆ ಇದ್ದವರನ್ನು.

"ಕಂಪನಿ ಪರಿಸ್ಥಿತಿ ನಿಮಗೂ ಗೊತ್ತೇ ಇದೆ" ಎಂದಳು ಕಾರ್ಯದರ್ಶಿ. ಅಕ್ಕನಿಗೆ ಗೊತ್ತಿರಲಿಲ್ಲ. "ಶನಿವಾರದೊಳಗೆ ಮನೆ ಖಾಲಿ ಮಾಡ್ಬೇಕು. ಕಂಪ್ಯೂಟರ್ ಎಲ್ಲ ಹಾಗೇ ಬಿಟ್ಟು ಹೋಗಿ, ಅದು ಕಂಪನೀದು."

"ನಮ್ಮ ಬಾಕಿ ಸಂಬಳ?" ಎಂದ ಲಂಬು. ಬಾಗಿಲು ದಾಟುವಾಗ ತಲೆ ಬಗ್ಗಿಸುವಷ್ಟು ಉದ್ದ ಇದ್ದುದರಿಂದ ಅವನಿಗೆ ಆ ಹೆಸರು.

"ನೋಡೋಣ" ಎಂದು ಆಕೆ ಕೊಡೆ ಎತ್ತಿಕೊಂಡಳು. ನೋಡೋಣ ಎಂದವರು ಆಮೇಲೆ ಆ ಕಡೆ ತಿರುಗಿಯೂ ನೋಡುವುದಿಲ್ಲ ಎಂಬುದು ಎಲ್ಲರಿಗೂ ತಿಳಿದ ವಿಷಯ.

ಅಕ್ಕ ಎಂದರೆ ಯಾರ ಅಕ್ಕ ಎಂದು ಕೇಳುವಿರಾದರೆ, ಹುಟ್ಟಿನಿಂದ ಒಬ್ಬನಿಗೆ ಮಾತ್ರ. ಅವನೂ ಈ ಟೀಮಿನಲ್ಲಿಯೇ ಆಡುತ್ತಿದ್ದ. ಅವನು ಕರೆಯುವುದನ್ನು ಕೇಳಿ ಲಂಬು ಕರೆದ, ಡಾಕ್ಟರ್ ಕರೆದ, ಎರಡು ತಿಂಗಳ ಹಿಂದೆ ಸೇರಿದ ಹೊಸಬನೂ ಕರೆದ. ಕೊನೆಗೆ ಅವಳಿಗಿಂತ ಹನ್ನೆರಡು ವರ್ಷ ದೊಡ್ಡವನಾದ ಕೋಚ್ ಕೂಡ ಅಕ್ಕ ಎನ್ನತೊಡಗಿದ. ಅವಳಿಗೆ ಇಪ್ಪತ್ತೇಳು. ಬೆರಳ ತುದಿಯಲ್ಲಿ ಬದುಕುವ ಈ ಕಸುಬಿನಲ್ಲಿ ಇಪ್ಪತ್ತೇಳೆಂದರೆ ಅಜ್ಜಿ. ಆದರೂ ನಾಯಕಿ ಅವಳೇ, ಏಕೆಂದರೆ ಗುಂಡು ಹಾರಿಸುವವರು ನೂರು ಜನ ಸಿಗುತ್ತಾರೆ, ಗಲಿಬಿಲಿಯ ನಡುವೆ ಯಾರು ಎಲ್ಲಿಗೆ ಓಡಬೇಕೆಂದು ತಣ್ಣಗೆ ಹೇಳುವವರು ಸಿಗುವುದಿಲ್ಲ.

ಕಂಪ್ಯೂಟರಿನಲ್ಲಿ ಐವರು ಐವರ ಎದುರು ಆಡುವ ಕಾಳಗದ ಆಟ ಅದು. ಒಂದೊಂದು ಸುತ್ತು ಎರಡೋ ಮೂರೋ ನಿಮಿಷ. ಸುತ್ತಿನಲ್ಲಿ ಸತ್ತವನು ಮುಂದಿನ ಸುತ್ತು ಶುರುವಾಗುವವರೆಗೆ ಕೈಕಟ್ಟಿ ಕೂರಬೇಕು. ಕೈ ಕಟ್ಟಬಹುದು, ಬಾಯಿ ಕಟ್ಟುವುದು ಕಷ್ಟ. ಸತ್ತವನಿಗೇ ಸಲಹೆ ಜಾಸ್ತಿ: ಎಡಕ್ಕೆ ನೋಡು, ಹಿಂದೆ ಬಂದ, ಅಯ್ಯೋ ಹೋಯ್ತು! ಬದುಕಿದ್ದವರ ಕಿವಿ ಕೆಟ್ಟುಹೋಗುತ್ತದೆ. ಅದಕ್ಕೇ ಅಕ್ಕ ಮೊದಲ ವಾರವೇ ಒಂದು ಕಟ್ಟಳೆ ಮಾಡಿ, ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ್ದಳು: ಸತ್ತವರು ಮಾತಾಡಬಾರದು. ಸತ್ತ ಕೂಡಲೇ ಮೈಕಿನ ಗುಂಡಿ ಒತ್ತಿ ಮ್ಯೂಟ್ ಆಗಬೇಕು. ಆ ಕಟ್ಟಳೆಯಿಂದಲೇ ಟೀಮು ಏಳನೆಯ ಸ್ಥಾನದಿಂದ ಮೂರಕ್ಕೆ ಏರಿತ್ತು, ಆ ಹೆಮ್ಮೆ ಅವಳಿಗಿತ್ತು.

ಕಾರ್ಯದರ್ಶಿ ಹೋದಮೇಲೆ ಅಕ್ಕ ಕಂಪ್ಯೂಟರುಗಳನ್ನು ನೆಲದ ಮೇಲೆ ಸಾಲಾಗಿ ಇಡಿಸಿ, ಎಲ್ಲರನ್ನೂ ಕೂರಿಸಿ, ಲೀಗಿನ ನಿಯಮದ ಪುಸ್ತಕ ತೆರೆದಳು. ಲೀಗಿನಲ್ಲಿ ಇರುವುದು ಎಂಟೇ ಟೀಮಿಗೆ ಜಾಗ. ಟೀಮು ಮುಚ್ಚಿದಾಗ, ಅದರ ಐವರು ಆಟಗಾರರಲ್ಲಿ ಮೂವರು ಜೊತೆಯಾಗಿ ನಿಂತರೆ ಆ ಜಾಗ ಆಟಗಾರರದು. ಇಲ್ಲವಾದರೆ ಯಜಮಾನರದು, ಅವರು ಯಾರಿಗೆ ಬೇಕಾದರೂ ಮಾರಿಕೊಳ್ಳಬಹುದು. ಮೂವರೂ ಹಣ ಹಾಕುವ ಹೊಸ ಪೋಷಕರ ಪತ್ರ ಹಿಡಿದು, ಲೀಗಿನ ಕಚೇರಿಗೆ ಹೋಗಿ, ಗುಮಾಸ್ತರ ಕಣ್ಣೆದುರು ಸಹಿ ಹಾಕಬೇಕು. ಗಡುವು ಶುಕ್ರವಾರ ಸಂಜೆ ನಾಲ್ಕು.

"ಮೂರು ಸಹಿ ಸಾಕು. ನಾವು ಐದು ಜನ ಇದೀವಿ" ಎಂದಳು ಅಕ್ಕ. ಪಂದ್ಯಕ್ಕೆ ಮುಂಚೆ ಮಾಡುವ ಹಾಗೆ ಅವಳ ಮೌಸಿನ ಮೇಲೆ ಐದು ಕೈ ಒಂದರ ಮೇಲೊಂದು ಕೂತವು. ಎಲ್ಲಕ್ಕಿಂತ ಮೇಲಿದ್ದ ಕೈ ತಮ್ಮನದು.

ಮಧ್ಯಾಹ್ನ ಊಟದ ಹೊತ್ತಿಗೆ ಐದು ನಾಲ್ಕಾಯಿತು. ಹೊಸಬನ ತಾಯಿ ಕಾರು ತೆಗೆದುಕೊಂಡು ಬಂದು, ಮಗನ ಬಟ್ಟೆಬರೆಯ ಜೊತೆ ಬಚ್ಚಲಿನ ಸೋಪನ್ನೂ ಬಿಡದೆ ತುಂಬಿಕೊಂಡು ಹೋದರು. ಕೋಚ್ ಆ ಸಂಜೆಯೇ ಹೊರಟ. ಹೊರಡುವಾಗ ಅಕ್ಕನ ಕೈಗೆ ಒಂದು ಡಿಸ್ಕು ಕೊಟ್ಟು, "ಇದರಲ್ಲಿ ಎಲ್ಲ ಇದೆ" ಎಂದ. ಮುಖ ನೋಡಲಿಲ್ಲ. ಪಾಪ, ಅಳು ಬರುತ್ತಿರಬೇಕು ಎಂದುಕೊಂಡಳು ಅಕ್ಕ.

ಮಂಗಳವಾರ ಡಾಕ್ಟರ್ ಹೋದ. ಔಷಧಶಾಸ್ತ್ರದ ಓದು ಅರ್ಧಕ್ಕೆ ಬಿಟ್ಟು ಬಂದವನು; ಆಟದಲ್ಲಿಯೂ ಅವನ ಕೆಲಸ ಗಾಯಗೊಂಡವರನ್ನು ಉಳಿಸುವುದೇ. ತಮ್ಮನ ಪಕ್ಕದ ಕುರ್ಚಿ ಅವನದು, ತಮ್ಮನ ಪ್ರಾಣ ಕಾಯುವ ಹೊಣೆಯೂ ಅವನದು. ಆದರೆ ಒಂದು ತಿಂಗಳಿಂದ ಅಭ್ಯಾಸದ ಪಂದ್ಯಗಳಲ್ಲಿ ಸುತ್ತು ಶುರುವಾಗಿ ಅರ್ಧ ನಿಮಿಷಕ್ಕೇ ತಮ್ಮ ಸಾಯುತ್ತಿದ್ದ. ಅಕ್ಕ ತಮ್ಮನ ಮಣಿಕಟ್ಟಿಗೆ ಮುಲಾಮು ಹಚ್ಚಿಸಿದಳು, ಮೌಸು ಬದಲಿಸಿದಳು, ಕಡೆಗೆ ಡಾಕ್ಟರನ ಮೇಲೆ ಹರಿಹಾಯ್ದಳು. "ಪಕ್ಕದಲ್ಲೇ ಇರೋನನ್ನ ಉಳಿಸೋಕಾಗ್ದಿದ್ರೆ ನೀನು ಯಾಕೆ ಬೇಕು?" ಎಂದು ಎಲ್ಲರೆದುರು ಕೇಳಿದ್ದಳು. ಈಗ ಡಾಕ್ಟರ್ ಚೀಲ ಹೆಗಲಿಗೇರಿಸಿ, "ಅಪ್ಪ ಕಾಲೇಜಿಗೆ ಮತ್ತೆ ಸೇರಿಸ್ತಾರಂತೆ. ನಾನು ಬೇಡ ಅಂತ ನೀನೇ ಹೇಳಿದೀಯಲ್ಲ ಅಕ್ಕ" ಎಂದ. ಅವಳು ತಡೆಯಲಿಲ್ಲ. ಇನ್ನೂ ಮೂವರಿದ್ದೇವಲ್ಲ ಎಂಬ ಧೈರ್ಯ.

"ಅಳಿದೂರಿಗೆ ಉಳಿದವನೇ ಗೌಡ" ಎಂದು ಲಂಬು ಖಾಲಿ ಹಾಲಿನಲ್ಲಿ ಕಾಲು ಚಾಚಿ ಮಲಗಿದ.

"ನಾನಿದೀನಲ್ಲ ಅಕ್ಕ" ಎಂದ ತಮ್ಮ. ಆ ಎರಡು ಪದ ಕೇಳಿ ಅವಳಿಗೆ ಹೊಟ್ಟೆ ತಣ್ಣಗಾಯಿತು.

ತಮ್ಮನಿಗೆ ಈ ಆಟ ಕಲಿಸಿದ್ದೇ ಅವಳು. ಅಮ್ಮನದು ಹೊಲಿಗೆಯ ಕೆಲಸ. ಮನೆಯಲ್ಲಿ ಹೊಲಿಗೆ ಯಂತ್ರದ ಪಕ್ಕದಲ್ಲಿ ಒಂದೇ ಒಂದು ಹಳೆಯ ಕಂಪ್ಯೂಟರು. ನಿನಗೆ ಎರಡು ಗಂಟೆ, ನನಗೆ ಎರಡು ಗಂಟೆ ಎಂದು ಶುರುವಾದದ್ದು ನಿಧಾನಕ್ಕೆ ಅವನಿಗೇ ನಾಲ್ಕು ಗಂಟೆಯಾಯಿತು. ಅವನು ಆಡುವಾಗ ಅವಳು ಹಿಂದೆ ನಿಂತು ದಾರಿ ಹೇಳುತ್ತಿದ್ದಳು. ಅವಳು ಬೇರೆಯವರಿಗೆ ದಾರಿ ಹೇಳುವುದರಲ್ಲಿ ಪಳಗಿದ್ದು ಹಾಗೆಯೇ. ನಾಲ್ಕು ವರ್ಷದ ಹಿಂದೆ ಲೀಗಿನ ಅತಿ ದೊಡ್ಡ ಟೀಮು ಅವಳನ್ನು ಕರೆದಿತ್ತು. ತಮ್ಮನನ್ನೂ ತೆಗೆದುಕೊಂಡರೆ ಬರುತ್ತೇನೆ ಎಂದಳು. ಅವರು ಬೇಡವೆಂದರು, ಇವಳೂ ಬೇಡವೆಂದಳು. ಅದನ್ನು ಅವಳು ಯಾವತ್ತೂ ತ್ಯಾಗ ಎಂದು ಕರೆದಿರಲಿಲ್ಲ, ಆದರೆ ಮರೆತೂ ಇರಲಿಲ್ಲ.

ಇನ್ನು ಪೋಷಕರ ಪತ್ರ. ಕನ್ನಡಕದ ಅಂಗಡಿಗಳ ಒಡತಿಯೊಬ್ಬರು ಒಲವು ತೋರಿಸಿದ್ದರು. "ನನಗೆ ನಿಮ್ಮ ಆಟ ಒಂಚೂರೂ ಅರ್ಥ ಆಗಲ್ಲಮ್ಮ" ಎಂದಿದ್ದರು ಫೋನಿನಲ್ಲಿ. "ಆಡುವಾಗ ನೀವು ಒಬ್ಬರಿಗೊಬ್ಬರು ಹೇಗೆ ಮಾತಾಡ್ತೀರಿ, ಅದನ್ನ ಕೇಳಿಸು. ಜನ ಎಂಥವರು ಅಂತ ಮಾತಲ್ಲೇ ಗೊತ್ತಾಗತ್ತೆ."

ಅದಕ್ಕಾಗಿ ಬುಧವಾರ ಬೆಳಿಗ್ಗೆ ಅಕ್ಕ ಕೋಚ್ ಕೊಟ್ಟ ಡಿಸ್ಕು ತೆರೆದಳು. ಪ್ರತಿ ಪಂದ್ಯದಲ್ಲಿ, ಪ್ರತಿ ಅಭ್ಯಾಸದಲ್ಲಿ ಐವರ ಮಾತೂ ದಾಖಲಾಗುತ್ತಿತ್ತು. ಆಟದ ಹೊತ್ತಿನಲ್ಲಿ ಅವಳಿಗೆ ಕೇಳುತ್ತಿದ್ದದ್ದು ಎಲ್ಲರ ಮಾತು ಸೇರಿದ ಒಂದೇ ಧ್ವನಿ. ಡಿಸ್ಕಿನಲ್ಲಾದರೋ ಒಬ್ಬೊಬ್ಬರದು ಬೇರೆಬೇರೆಯಾಗಿತ್ತು. ಇನ್ನೊಂದು ಸಂಗತಿ ಅವಳಿಗೆ ತಿಳಿದದ್ದು ಆಗಲೇ: ಗುಂಡಿ ಒತ್ತಿ ಮ್ಯೂಟ್ ಆದರೆ ಉಳಿದ ನಾಲ್ವರಿಗೆ ಕೇಳುತ್ತಿರಲಿಲ್ಲ, ಅಷ್ಟೇ. ಮೈಕು ಮಾತ್ರ ಮಲಗುತ್ತಿರಲಿಲ್ಲ. ಲಂಬು ಸತ್ತಾಗಲೆಲ್ಲ ಹಾಡು ಗುನುಗುತ್ತಿದ್ದದ್ದು ಅದರಲ್ಲಿತ್ತು. ಅಕ್ಕ ಒಬ್ಬಳೇ ನಕ್ಕಳು. ಲಂಬು ಪೆಟ್ಟಿಗೆ ತರಲು ಪೇಟೆಗೆ ಹೋಗಿದ್ದ, ತಮ್ಮ ಸ್ನಾನಕ್ಕೆ.

ಆಮೇಲೆ ತಮ್ಮನ ಧ್ವನಿ ತೆರೆದಳು. ಮೂರು ವಾರದ ಹಿಂದಿನ ಅಭ್ಯಾಸ.

"ಹಾ, ಈಗ ಹೇಳಿ ಸರ್. ಸತ್ತೆ, ಫ್ರೀ ಇದೀನಿ... ಇಲ್ಲ ಇಲ್ಲ, ಅಕ್ಕಂಗೆ ಕೇಳ್ಸಲ್ಲ, ಮ್ಯೂಟಲ್ಲಿದೀನಿ... ನಾನು ಸಹಿ ಹಾಕಲ್ಲ ಸರ್, ಮಾತು ಅಂದ್ರೆ ಮಾತು. ಹೊಸಬ ಹೇಗೂ ನಿಲ್ಲಲ್ಲ. ಡಾಕ್ಟರ್ ಮೇಲೆ ಅಕ್ಕ ದಿನಾ ಕೂಗಾಡ್ತಾಳೆ, ಅವನೂ ಹೋಗ್ತಾನೆ. ಅಲ್ಲಿಗೆ ಇಬ್ಬರೇ... ಜಾಗ ತಗೊಳ್ಳೋರು ನನ್ನನ್ನೂ ತಗೋತಾರೆ ಅಂತ ಬರೆದು ಕೊಡಿ ಸರ್... ಒಂದ್ನಿಮಿಷ ಇರಿ, ಮುಂದಿನ ಸುತ್ತು ಶುರು ಆಯ್ತು. ಬೇಗ ಸತ್ತು ಬರ್ತೀನಿ."

ಅಕ್ಕ ಅದನ್ನು ಇನ್ನೊಮ್ಮೆ ಹಾಕಿದಳು. ಸರ್ ಎಂದರೆ ಯಜಮಾನರು, ಜಾಗ ಮಾರಿಕೊಳ್ಳಬಲ್ಲವರು ಅವರೊಬ್ಬರೇ. ಬೇಗ ಸತ್ತು ಬರ್ತೀನಿ. ಅಂಗಡಿಗೆ ಹೋಗಿ ಬರುತ್ತೇನೆ ಎನ್ನುವಷ್ಟು ಹಗುರವಾಗಿ ಹೇಳಿದ್ದ. ಹೇಳಿದ ಹಾಗೆಯೇ ಸತ್ತು ಬಂದು ಮಾತು ಮುಂದುವರಿಸಿದ್ದ. ಅವಳು ಮುಲಾಮು ಹಚ್ಚಿಸಿದ ಮಣಿಕಟ್ಟಿಗೆ ಏನೂ ಆಗಿರಲಿಲ್ಲ.

ಅವಳ ಕೈ ತಾನಾಗಿ ಡಾಕ್ಟರನ ಧ್ವನಿಯನ್ನು ತೆರೆಯಿತು. ಅದೇ ಸುತ್ತು, ಅದೇ ನಿಮಿಷ. ಡಾಕ್ಟರನೂ ಸತ್ತಿದ್ದ. ಮ್ಯೂಟ್ ತೆಗೆದು, "ಅಕ್ಕ, ಒಂದ್ನಿಮಿಷ ಈ ಕಡೆ ನೋಡು. ಇವನು ಫೋನಲ್ಲಿ—" ಎಂದಿದ್ದ. ಅಷ್ಟಕ್ಕೇ ಅವನ ಹೆಡ್‌ಫೋನಿನಿಂದ ಸೋರಿದ ಅವಳದೇ ಧ್ವನಿ, ಚೂರಿಯ ಹಾಗೆ: "ಡಾಕ್ಟರ್! ಸತ್ತವರು ಮಾತಾಡಬಾರದು!"

ಆಮೇಲೆ ಗುಂಡಿ ಒತ್ತಿದ ಸದ್ದು. ಯಾರಿಗೂ ಕೇಳದಂತೆ ಡಾಕ್ಟರ್ ಹೇಳಿದ್ದು ಡಿಸ್ಕಿನಲ್ಲಿ ಉಳಿದಿತ್ತು. "ಸರಿ."

 ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ಆ ಬೇಲಿ ನೆಟ್ಟವಳು ಅವಳೇ. ಈ ಧ್ವನಿಗಳನ್ನೆಲ್ಲ ಕೂತು ಕೇಳುವುದೇ ಕೋಚಿನ ಕೆಲಸ. ಅಂದರೆ ಅವನಿಗೂ ಗೊತ್ತಿತ್ತು. ಹೊರಡುವಾಗ ಮುಖ ನೋಡದೆ ಇದ್ದದ್ದು ಅಳು ಬಂದಲ್ಲ.

ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡು ಅಮ್ಮನಿಗೆ ಫೋನು ಮಾಡಿದಳು. ಆ ಕಡೆಯಿಂದ ಹೊಲಿಗೆ ಯಂತ್ರದ ಸದ್ದು ಕೇಳುತ್ತಿತ್ತು. ಅವಳು ಹೇಳಿ ಮುಗಿಸುವಷ್ಟರಲ್ಲಿ ಯಂತ್ರ ನಿಂತಿತು.

"ಅವನೇ ಹೇಳ್ತೀನಿ ಅಂದಿದ್ದ ಕಣೆ" ಎಂದರು ಅಮ್ಮ.

"ನಿನಗೆ ಗೊತ್ತಿತ್ತಾ?"

"ಎರಡು ಮಕ್ಕಳೂ ಬೀದಿಗೆ ಬೀಳೋ ಬದಲು ಒಬ್ಬರಿಗಾದ್ರೂ ಒಂದು ದಾರಿ ಆಗಲಿ ಅನ್ನಿಸ್ತು. ನೀನು ಗಟ್ಟಿಗಿತ್ತಿ, ಹೇಗಾದ್ರೂ ಬದುಕ್ಕೋತೀಯ."

ಗಟ್ಟಿಗಿತ್ತಿ! ಯಾರ ಬೆನ್ನಿಗೆ ಚೂರಿ ಹಾಕಬೇಕೋ ಅವರಿಗೆ ಮೊದಲು ಗಟ್ಟಿಗರೆಂಬ ಬಿರುದು ಕೊಡುತ್ತಾರೆ. ಅಕ್ಕ ಫೋನು ಇಟ್ಟಳು. ಯಜಮಾನರಿಗೆ ಗೊತ್ತಿತ್ತು, ಕೋಚಿಗೆ ಗೊತ್ತಿತ್ತು, ಡಾಕ್ಟರನಿಗೆ ಗೊತ್ತಿತ್ತು, ಹೆತ್ತ ತಾಯಿಗೂ ಗೊತ್ತಿತ್ತು. ಎಲ್ಲರಿಗೂ ದಾರಿ ಹೇಳುವವಳಿಗೊಬ್ಬಳಿಗೇ ಗೊತ್ತಿರಲಿಲ್ಲ.

ಡಾಕ್ಟರನಿಗೂ ಫೋನು ಮಾಡಿದಳು. ಕ್ಷಮೆ ಕೇಳುವುದು ಅವಳಿಗೆ ರೂಢಿಯಿಲ್ಲ, ತಡವರಿಸಿದಳು. ಅವನು ಕೊನೆಯವರೆಗೂ ಕೇಳಿಸಿಕೊಂಡ.

"ಕೋಪ ಇಲ್ಲ ಅಕ್ಕ" ಎಂದ. "ಆದ್ರೆ ಬರಲ್ಲ. ಮತ್ತೆ ಆ ಹೆಡ್‌ಫೋನ್ ಹಾಕ್ಕೊಂಡ್ರೆ ನಿನ್ನ ಆ ಧ್ವನೀನೇ ಕೇಳ್ಸತ್ತೆ ನಂಗೆ."

ತಮ್ಮನನ್ನು ಮಾತ್ರ ಅವಳು ಕೇಳಲಿಲ್ಲ. ಕೇಳಬೇಕೆಂದು ಹತ್ತು ಸಲ ಬಾಯಿ ತೆರೆದು ಹತ್ತು ಸಲ ಮುಚ್ಚಿದಳು. ಕೇಳಿದರೆ ಅವನು ಅಳುತ್ತಾನೆ, ಅತ್ತರೆ ತಾನು ಕರಗುತ್ತೇನೆ ಎಂಬ ಭಯ ಒಂದು. ಅದಕ್ಕಿಂತ ದೊಡ್ಡದು ಒಂದು ಆಸೆ: ಒಡಹುಟ್ಟಿದವನು, ಪೆನ್ನು ಹಿಡಿಯುವ ಗಳಿಗೆಯಲ್ಲಾದರೂ ಮನಸ್ಸು ತಿರುಗೀತು. ಆಗ ತಾನು ಕೇಳಿದ್ದನ್ನು ಯಾರಿಗೂ ಹೇಳದೆ, ಡಿಸ್ಕನ್ನು ಕಾಲಲ್ಲಿ ತುಳಿದು ಮುರಿದುಬಿಡುತ್ತೇನೆ ಎಂದುಕೊಂಡಳು.

ಗುರುವಾರ ಮೂವರೂ ಕನ್ನಡಕದ ಒಡತಿಯ ಅಂಗಡಿಗೆ ಹೋದರು. ಅಕ್ಕ ಹಳೆಯ ಪಂದ್ಯವೊಂದರ ಮಾತು ಕೇಳಿಸಿದಳು, ಐವರೂ ಒಬ್ಬರಿಗಾಗಿ ಒಬ್ಬರು ಸಾಯುತ್ತಿದ್ದ ಕಾಲದ್ದು. ಒಡತಿ ಕಣ್ಣುಮುಚ್ಚಿ ಕೇಳಿದರು. ತಮ್ಮ ಅವರ ಎದುರು ಎಷ್ಟು ಚೆನ್ನಾಗಿ ನಕ್ಕು ಮಾತಾಡಿದನೆಂದರೆ, ಅವರು ಪತ್ರಕ್ಕೆ ಮೊಹರು ಹಾಕುತ್ತ, "ಇಂಥ ತಮ್ಮ ಇರೋದು ನಿನ್ನ ಪುಣ್ಯ ಕಣಮ್ಮ" ಎಂದರು. ಅಕ್ಕ ಪತ್ರವನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು.

ಶುಕ್ರವಾರ ಬೆಳಿಗ್ಗೆ ತಮ್ಮನಿಗೆ ಹಲ್ಲುನೋವು ಬಂತು. "ತೋರಿಸ್ಕೊಂಡು ನೇರ ಆಫೀಸಿಗೆ ಬರ್ತೀನಿ, ನೀವು ನಡೀರಿ" ಎಂದ. ದವಡೆ ಹಿಡಿದುಕೊಂಡ ಕೈ ಒಮ್ಮೆ ಎಡಕ್ಕಿತ್ತು, ಒಮ್ಮೆ ಬಲಕ್ಕೆ.

ಲೀಗಿನ ಕಚೇರಿ ಆರನೆಯ ಮಹಡಿಯಲ್ಲಿ. ಗಾಜಿನ ಕಿಂಡಿಯ ಹಿಂದೆ ಬೋಳುತಲೆಯ ಗುಮಾಸ್ತ. ಮೂರು ಗಂಟೆಗೆ ಅಕ್ಕ ಸಹಿ ಹಾಕಿದಳು, ಅವಳ ಕೆಳಗೆ ಲಂಬು ಹಾಕಿದ. ಗುಮಾಸ್ತ ಹಾಳೆ ತಿರುಗಿಸಿ ನೋಡಿ, ಅವಳಿಗೇ ವಾಪಸು ಕೊಟ್ಟು, "ಮೂರನೆಯವರು?" ಎಂದ.

"ಬರ್ತಾನೆ" ಎಂದಳು ಅಕ್ಕ. ಬೆಂಚಿನ ಮೇಲೆ ಕೂತು ಲಿಫ್ಟಿನ ಬಾಗಿಲು ನೋಡತೊಡಗಿದಳು. ಅದು ತೆರೆದಾಗಲೆಲ್ಲ ಲಂಬು ಎದ್ದು ನಿಲ್ಲುತ್ತಿದ್ದ. ಅವನಿಗೆ ಅವಳು ಇನ್ನೂ ಹೇಳಿರಲಿಲ್ಲ.

ಮೂರು ಮುಕ್ಕಾಲಿಗೆ ತಮ್ಮ ಬಂದ, ಜೊತೆಗೆ ಯಜಮಾನರ ಕಾರ್ಯದರ್ಶಿ. ಆಕೆ ದೂರದಲ್ಲಿಯೇ ಕಿಟಕಿಯ ಬಳಿ ನಿಂತಳು. ತಮ್ಮನ ಕೈಯಲ್ಲಿ ಒಂದು ಫಾರಂ ಇತ್ತು. ಲಂಬು, "ಬಾರೋ ಮಾರಾಯ, ಜೀವ ಕೈಯಲ್ಲಿ ಹಿಡ್ಕೊಂಡು ಕೂತಿದೀವಿ" ಎಂದು ಅವನ ಬೆನ್ನಿಗೆ ಗುದ್ದಿದ. ತಮ್ಮ ನಗಲಿಲ್ಲ.

"ಅಕ್ಕ, ಮೊದಲು ಇದಕ್ಕೊಂದು ಸಹಿ" ಎಂದ. "ಕೋಪ ಮಾಡ್ಕೋಬೇಡ. ಆಮೇಲೆ ಎಲ್ಲ ಹೇಳ್ತೀನಿ. ನಿನಗೂ ಅಲ್ಲಿ ಏನಾದ್ರೂ ಕೆಲಸ ಕೇಳ್ತೀನಿ."

ಬೇರೆ ಟೀಮಿಗೆ ಹೋಗುವ ಆಟಗಾರನ ಫಾರಂ ಅದು. ಕೆಳಗಡೆ ಒಂದು ಚೌಕ: ಹಿಂದಿನ ನಾಯಕರ ಅಭಿಪ್ರಾಯ ಮತ್ತು ಸಹಿ. ಎಲ್ಲ ಜಾಣತನ ಮಾಡಿದವರು ಆ ಚೌಕವನ್ನು ಮರೆತಿದ್ದರು. ಸಾಮಾನ್ಯವಾಗಿ ಎಲ್ಲರೂ ಅಲ್ಲಿ 'ಉತ್ತಮ ಆಟಗಾರ' ಎಂದು ಗೀಚಿ ಸಹಿ ಹಾಕುತ್ತಾರೆ. ಲಂಬು ಅವಳ ಹೆಗಲ ಮೇಲಿಂದ ಬಗ್ಗಿ ಓದಿದ. ಓದಿ ಮುಗಿದಮೇಲೂ ನೆಟ್ಟಗಾಗಲಿಲ್ಲ.

ಅಕ್ಕ ಪೆನ್ನು ತೆಗೆದಳು. ಗೋಡೆಗೆ ಬರೆದಂಥದ್ದೇ ದಪ್ಪಕ್ಷರದಲ್ಲಿ ಬರೆದಳು: ಬೇಕೆಂದೇ ಬೇಗ ಸಾಯುತ್ತಾನೆ. ಕೆಳಗೆ ಸಹಿ ಹಾಕಿ, ತಾರೀಖು ಹಾಕಿ, ಅವನ ಕೈಗೆ ಕೊಟ್ಟಳು. ಎರಡು ಸಹಿ ಬಿದ್ದು ಮೂರನೆಯ ಗೆರೆ ಖಾಲಿಯಿದ್ದ ಟೀಮಿನ ಹಾಳೆಯನ್ನೂ ಅವನ ಪಕ್ಕದಲ್ಲಿಯೇ ಬೆಂಚಿನ ಮೇಲೆ ಇಟ್ಟಳು. ಪೆನ್ನಿನ ಮುಚ್ಚಳ ಮುಚ್ಚಲಿಲ್ಲ.

ತಮ್ಮ ಓದಿದ.  ಇಂಥ ಮಾತು ಬರೆಸಿಕೊಂಡವನನ್ನು ಈ ಕಸುಬಿನಲ್ಲಿ ಯಾವ ನಾಯಕನೂ ಪಕ್ಕಕ್ಕೆ ಕೂರಿಸಿಕೊಳ್ಳುವುದಿಲ್ಲ, ಅದು ಅವನಿಗೆ ಗೊತ್ತು. ಅವಳಿಗೆ ಎಲ್ಲ ತಿಳಿದಿದೆ ಎಂಬುದೂ ಆಗ ಗೊತ್ತಾಯಿತು.

"ಕೇಳಿಸ್ಕೊಂಡ್ಯಾ?"

"ಎರಡು ಸಲ."

ಗೋಡೆ ಗಡಿಯಾರದಲ್ಲಿ ನಾಲ್ಕಕ್ಕೆ ಒಂಬತ್ತು ನಿಮಿಷ ಇತ್ತು. ಖಾಲಿ ಗೆರೆ ಅವನ ಮೊಣಕಾಲಿನಿಂದ ಒಂದು ಗೇಣು ದೂರದಲ್ಲಿತ್ತು.  ಈಗಲೂ ಬೇಡವೆನ್ನುವಷ್ಟು ಕಲ್ಲಾಗಿರಲಿಲ್ಲ ಅವಳು. ಈಗಲೂ ಅವನು ಬಗ್ಗಿ ಆ ಗೆರೆಯ ಮೇಲೆ ಹೆಸರು ಗೀಚಿದ್ದರೆ ಎದ್ದು ಅಪ್ಪಿಕೊಳ್ಳುತ್ತಿದ್ದಳು.

ತಮ್ಮ ತಟ್ಟನೆ ತಿರುಗಿ ಕಿಂಡಿಗೆ ಓಡಿದ. ಲಂಬುವಿನ ಮುಖ ಅರಳಿತು. ಕಿಂಡಿಯ ಗಾಜಿಗೆ ಬಾಯಿ ಹಚ್ಚಿ ತಮ್ಮ ಕೇಳಿದ್ದು ಇಬ್ಬರಿಗೂ ಸ್ಪಷ್ಟವಾಗಿ ಕೇಳಿಸಿತು.

"ಸರ್, ಇನ್ನೊಂದು ಹೊಸ ಫಾರಂ ಕೊಡಿ. ಇದರಲ್ಲಿ ತಪ್ಪು ಬರೆದುಬಿಟ್ಟಿದಾರೆ."

ಗುಮಾಸ್ತ ಖಾನೆ ಎಳೆದು ಹುಡುಕತೊಡಗಿದ. ಅಕ್ಕ ಪೆನ್ನಿಗೆ ಮುಚ್ಚಳ ಹಾಕಿದಳು. ಲಂಬು ಗೋಡೆಯ ಕಡೆ ಮುಖ ಮಾಡಿ ನಿಂತ. ಆ ಉದ್ದ ಬೆನ್ನು ಅಲುಗುತ್ತಿತ್ತು. ಹೊಸ ಫಾರಂ ಸಿಗುವಷ್ಟರಲ್ಲಿ, ಅದರಲ್ಲಿ ತಮ್ಮ ತನ್ನ ಹೆಸರು, ವಯಸ್ಸು, ತಾಯಿಯ ಹೆಸರು ತುಂಬುವಷ್ಟರಲ್ಲಿ ಗಡಿಯಾರ ನಾಲ್ಕು ಹೊಡೆಯಿತು. ಗುಮಾಸ್ತ ಇವರ ಹಾಳೆಯ ಕಡೆ ಬೆರಳು ತೋರಿಸಿ, "ಅದು ಇನ್ನು ನಡೆಯಲ್ಲಮ್ಮ" ಎಂದ. "ಇವರದು ಪರವಾಗಿಲ್ಲ, ಸೋಮವಾರದವರೆಗೂ ಟೈಮಿದೆ."

ತಮ್ಮ ಹೊಸ ಫಾರಂ ಹಿಡಿದು ಅವಳೆದುರು ಬಂದು ನಿಂತ. ಕಣ್ಣಲ್ಲಿ ನೀರು ತುಂಬಿತ್ತು, ನಿಜವಾದ ನೀರೇ. ಅವನು ಅತ್ತರೆ ಕರಗುತ್ತೇನೆಂದು ಅವಳು ಹೆದರಿದ್ದು ಸುಳ್ಳಾಯಿತು.

"ಅಕ್ಕ, ಚೆನ್ನಾಗಿ ಒಂದು ಸಾಲು ಬರಿ ಸಾಕು. ಏನಾದ್ರೂ ಮಾತಾಡು ಅಕ್ಕ."

ಅಕ್ಕ ಎದ್ದು ಚೀಲ ಹೆಗಲಿಗೆ ಹಾಕಿಕೊಂಡಳು. ಅವನು ಮಡಿಸಿ ಜೇಬಿಗೆ ತುರುಕಿದ್ದ ಹಳೆಯ ಫಾರಂ ತೆಗೆದು, ಬಿಡಿಸಿ, ಅದೇ ಕೈಗೆ ಇಟ್ಟಳು.

"ಇದನ್ನೇ ಕೊಡು" ಎಂದಳು. "ಇಡೀ ವಾರದಲ್ಲಿ ನಮ್ಮ ಮನೇಲಿ ಯಾರಾದ್ರೂ ನಿಜ ಹೇಳಿದ್ದು ಇದೊಂದೇ."